ಖಿನ್ನತೆ, ಉನ್ಮಾದಗಳ ವೈದ್ಯರಾಗಲು ಹೊರಟವರಿಗೆ: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಒಂದು ದಾರಿ

ನಮ್ಮ ದೇಶದಲ್ಲಿ ‘ಮೂಡ್ ಡಿಸಾರ್ಡರ್ ತಜ್ಞ’ (ಭಾವಸ್ಥಿತಿಯ ಕಾಯಿಲೆಗಳ ತಜ್ಞ) ಎಂಬ ಪ್ರತ್ಯೇಕ ಪದವಿ ಇಲ್ಲ. ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ ಮುಗಿಸಿದವರು ಮಕ್ಕಳ ಮನೋವೈದ್ಯಕ್ಕೆ, ವ್ಯಸನ ಚಿಕಿತ್ಸೆಗೆ, ಮುಪ್ಪಿನ ಮನೋವೈದ್ಯಕ್ಕೆ ಡಿ.ಎಂ ಎಂಬ ಮೇಲಿನ ಪದವಿ ಮಾಡಬಹುದು. ಖಿನ್ನತೆಗೆ, ಖಿನ್ನತೆ ಮತ್ತು ಉನ್ಮಾದ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೆ ಅಂಥದ್ದೊಂದು ಇಲ್ಲ. ಹಾಗಾಗಿ ಈ ತಜ್ಞತೆಯನ್ನು ಸರ್ಟಿಫಿಕೇಟು ಕೊಡುವುದಿಲ್ಲ, ಒಂದೇ ಊರಿನಲ್ಲಿ ಅದೇ ರೋಗಿಗಳನ್ನು ಐದು, ಹತ್ತು ವರ್ಷ ಹಿಂಬಾಲಿಸಿ ನೋಡಿದ ಕೈ ಮಾತ್ರ ಕೊಡುತ್ತದೆ. ಈ ಲೇಖನ ಬರೆದದ್ದು ಅದಕ್ಕಾಗಿ: ಪರೀಕ್ಷೆಗಳ ದಾರಿಯನ್ನು ಬೇಗ ಮುಗಿಸಿ, ಆ ಕೈ ಪಳಗುವ ಜಾಗಗಳಲ್ಲಿ ನಿಧಾನಿಸುತ್ತೇವೆ.

ಈ ಸೀಮೆಯವರಿಗೆ ಇನ್ನೊಂದು ಸಂಗತಿ ಗೊತ್ತಿರಲಿ. ದೇಶದ ಬಹುತೇಕ ಎಲ್ಲ ಜಿಲ್ಲೆಗಳಿಗೂ ಹಬ್ಬಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ನಮ್ಮ ಬಳ್ಳಾರಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಿಂದ 1990ರವರೆಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಕೆಲವು ಔಷಧಿಗಳನ್ನು ಹಳ್ಳಿ ಮಟ್ಟಕ್ಕೆ ಒದಗಿಸಿ, ಸರಳ ದಾಖಲೆ ಇಟ್ಟು ನಡೆಸಿದ ಪ್ರಯೋಗವನ್ನು ಇಂದಿಗೂ ‘ಬಳ್ಳಾರಿ ಮಾದರಿ’ ಎನ್ನುತ್ತಾರೆ. ಅದರ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿತು. ಸಂದರ್ಶನದಲ್ಲಿ ಈ ಪ್ರಶ್ನೆ ಬಂದಾಗ ಬಳ್ಳಾರಿಯ ಹುಡುಗನೇ ತಡವರಿಸಬಾರದು.

ಪಿಯುಸಿ, ನೀಟ್, ಎಂಬಿಬಿಎಸ್

ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು. ಈ ಮೂರರಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲಾತಿಯವರಿಗೆ ಶೇ. 40. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ 90 ಪ್ರಶ್ನೆ ಜೀವಶಾಸ್ತ್ರದ್ದೇ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರತಿಯೇ ಅಂತಿಮ. ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡ ಪತ್ರಿಕೆ ಆರಿಸಿಕೊಂಡರೂ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿತಿಟ್ಟುಕೊಳ್ಳಿ. ಮುಂದೆ ಐದೂವರೆ ವರ್ಷ ಓದುವುದಂತೂ ಇಂಗ್ಲಿಷಿನಲ್ಲೇ.

ಈ ಮೂರು ಜಿಲ್ಲೆಯವರ ಕೈಯಲ್ಲಿರುವ ದೊಡ್ಡ ಅನುಕೂಲ ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು, ಈ ಭಾಗದ ಹೊರಗಿರುವ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ತಹಶೀಲ್ದಾರರ ವಾಸಸ್ಥಳ ಪತ್ರ ಇದರ ಬದಲಿಗೆ ನಡೆಯುವುದಿಲ್ಲ. ಇಲ್ಲಿ ಎಡವುವುದು ಹೆಸರಿನ ಅಕ್ಷರದಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ತಂದೆಯ ಶಾಲಾ ದಾಖಲೆಯಲ್ಲಿ ಮಗದೊಂದು ಇದ್ದರೆ ಅರ್ಜಿ ವಾಪಸ್ ಬರುತ್ತದೆ. ನೀಟ್ ಫಲಿತಾಂಶದವರೆಗೆ ಕಾಯದೆ ಪ್ರಥಮ ಪಿಯುಸಿಯಲ್ಲೇ ಮಾಡಿಸಿಡಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಪ್ರಮಾಣಪತ್ರಗಳೂ ಸೀಟು ಹಂಚುವ ಕೆಇಎ (ರಾಜ್ಯ ಪರೀಕ್ಷಾ ಪ್ರಾಧಿಕಾರ) ಪರಿಶೀಲನೆಗೆ ಬೇಕು. ಬಿಇಒ ಸಹಿ ಹಾಕಿಸಲು ಕೊನೆಯ ವಾರದಲ್ಲಿ ಓಡಾಡಬೇಡಿ.

ಹತ್ತಿರದ ಸರ್ಕಾರಿ ಕಾಲೇಜುಗಳು ಮೂರು: ಹಿಂದೆ ವಿಮ್ಸ್ ಎನ್ನುತ್ತಿದ್ದ ಬಳ್ಳಾರಿಯ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್. (ಕೌನ್ಸೆಲಿಂಗ್‌ನಲ್ಲಿ ಆಯ್ಕೆ ತುಂಬುವಾಗ ‘ಕಿಮ್ಸ್’ ಎಂದು ಕಂಡದ್ದಕ್ಕೆಲ್ಲ ಒತ್ತಬೇಡಿ, ಹುಬ್ಬಳ್ಳಿಯದ್ದೂ ಅದೇ ಹೆಸರಿನಲ್ಲಿ ಬಳಕೆಯಲ್ಲಿದೆ. ಕಾಲೇಜಿನ ಕೋಡ್ ನೋಡಿ.)

ಎಂಬಿಬಿಎಸ್ ನಾಲ್ಕೂವರೆ ವರ್ಷ, ಒಂದು ವರ್ಷ ಇಂಟರ್ನ್‌ಶಿಪ್. ಇಂಟರ್ನ್‌ಶಿಪ್‌ನಲ್ಲಿ ಮನೋವೈದ್ಯ ವಿಭಾಗಕ್ಕೆ ಕೊಡುವುದು ಎರಡೇ ವಾರ. ಹೆಚ್ಚಿನವರು ಆ ಎರಡು ವಾರವನ್ನು ಪಿಜಿ ಪ್ರವೇಶ ಪರೀಕ್ಷೆಗೆ ಓದಿಕೊಳ್ಳುವ ಬಿಡುವು ಎಂದುಕೊಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ. ಇನ್ನೊಂದು ಸಲಹೆ: ಮುಂದೆ ಭಾವಸ್ಥಿತಿಯ ಕಾಯಿಲೆಗಳನ್ನೇ ನೋಡುವವರಿಗೆ ಅತಿ ಹೆಚ್ಚು ಬೇಕಾಗುವ ಸಾಮಾನ್ಯ ವೈದ್ಯದ ತಿಳಿವಳಿಕೆ ಥೈರಾಯ್ಡ್, ಮೂತ್ರಪಿಂಡ ಮತ್ತು ಇಸಿಜಿ. ಮೆಡಿಸಿನ್ ಪೋಸ್ಟಿಂಗ್‌ನಲ್ಲಿ ಈ ಮೂರನ್ನು ಪಟ್ಟಾಗಿ ಕಲಿಯಿರಿ. ಥೈರಾಯ್ಡ್ ಕುಗ್ಗಿದ್ದನ್ನು ಖಿನ್ನತೆ ಎಂದು, ಸ್ಟಿರಾಯ್ಡ್ ಮಾತ್ರೆಯಿಂದ ಎದ್ದ ಉನ್ಮಾದವನ್ನು ಬೈಪೋಲಾರ್ ಎಂದು ಬರೆದುಬಿಟ್ಟರೆ ರೋಗಿ ಬೇಡದ ಹಣೆಪಟ್ಟಿಯನ್ನು ಜೀವಮಾನವಿಡೀ ಹೊರಬೇಕಾಗುತ್ತದೆ.

ಎಂ.ಡಿ ಸೀಟು: ಯಾವ ವಿಭಾಗ ಆರಿಸಬೇಕು

ನೀಟ್ ಪಿಜಿಯಲ್ಲಿ 200 ಪ್ರಶ್ನೆ, ಸರಿಯುತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ಮನೋವೈದ್ಯದ ಪ್ರಶ್ನೆ ಬೆರಳೆಣಿಕೆಯಷ್ಟು, ಆದ್ದರಿಂದ ಆಸಕ್ತಿಯಿದೆಯೆಂದು ಅದನ್ನೇ ಓದುತ್ತ ಕೂತರೆ ಸೀಟು ಸಿಗುವುದಿಲ್ಲ. ನಿಮ್ಹಾನ್ಸ್‌ಗೆ ಐಎನ್‌ಐ ಸಿಇಟಿ ಎಂಬ ಬೇರೆ ಪರೀಕ್ಷೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಅದು ಕೇಂದ್ರದ ಸಂಸ್ಥೆ, 371(ಜೆ) ಅಲ್ಲಿ ಅನ್ವಯಿಸದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಕೂಡ ನೋಡತಕ್ಕ ಜಾಗ. ಎಂ.ಡಿ ಮತ್ತು ಅದಕ್ಕೆ ಸಮನಾದ ಡಿಎನ್‌ಬಿ ಎರಡೂ ಮೂರು ವರ್ಷದ ಕೋರ್ಸುಗಳು.

ಸೀಟು ಆರಿಸುವ ಮುಂಚೆ ಆ ವಿಭಾಗದ ಎರಡನೇ ವರ್ಷದ ಪಿಜಿಗಳಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಒಳರೋಗಿಗಳ ಹಾಸಿಗೆ ಎಷ್ಟು? ಇಸಿಟಿ (ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ವಾರಕ್ಕೆ ಎಷ್ಟು ದಿನ ನಡೆಯುತ್ತದೆ, ಅರಿವಳಿಕೆ ವೈದ್ಯರು ನಿಯಮಿತವಾಗಿ ಬರುತ್ತಾರೆಯೆ? ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಔಷಧಿಯ ರಕ್ತಮಟ್ಟವನ್ನು ಅಲ್ಲೇ ಅಳೆಯುತ್ತಾರೆಯೆ, ಹೊರಗೆ ಕಳಿಸುತ್ತಾರೆಯೆ? ಎಂ.ಫಿಲ್ ಮಾಡಿದ ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಇದ್ದಾರೆಯೆ? ಕೊನೆಯ ಎರಡಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ, ಆ ಸೀಟಿನಲ್ಲಿ ಔಷಧಿ ಬರೆಯುವುದನ್ನು ಕಲಿಯುತ್ತೀರಿ, ಚಿಕಿತ್ಸೆ ಮಾಡುವುದನ್ನು ಅರ್ಧ ಕಲಿಯುತ್ತೀರಿ. ಬಾಂಡ್‌ನ ಷರತ್ತುಗಳನ್ನು ಸೀಟು ಒಪ್ಪಿಕೊಳ್ಳುವ ಮುಂಚೆಯೇ ಪೂರ್ತಿ ಓದಿ. ಸೇರಿದ ಮೇಲೆ ಓದಿದರೆ ಪ್ರಯೋಜನವಿಲ್ಲ.

ಈಗಿನ ನಿಯಮದಂತೆ ಪಿಜಿ ಅವಧಿಯಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಆಯ್ಕೆಯ ಅವಕಾಶ ಸಿಕ್ಕರೆ ನಿಮ್ಮ ಜಿಲ್ಲೆಯನ್ನೇ ಕೇಳಿ. ಮುಂದೆ ಕೆಲಸ ಮಾಡುವ ನೆಲದ ಲ್ಯಾಬು, ಔಷಧ ದಾಸ್ತಾನು, ಬಸ್ಸಿನ ಹೊತ್ತು ಎಲ್ಲ ಆಗಲೇ ಗೊತ್ತಾಗುತ್ತವೆ.

ಕಲಿಯಬೇಕಾದ ಮೊದಲ ಕೆಲಸ: ಕೇಳುವುದು

ಭಾವಸ್ಥಿತಿಯ ಕಾಯಿಲೆಯಲ್ಲಿ ಆಗುವ ಅತಿ ದೊಡ್ಡ ತಪ್ಪು ಬೈಪೋಲಾರ್ ಖಿನ್ನತೆಯನ್ನು ಬರೀ ಖಿನ್ನತೆ ಎಂದುಕೊಂಡು ಖಿನ್ನತೆಯ ಮಾತ್ರೆಯೊಂದನ್ನೇ ಕೊಡುವುದು. ಕೆಲವರಲ್ಲಿ ಅದು ಮೂರು-ನಾಲ್ಕು ವಾರದಲ್ಲಿ ಉನ್ಮಾದಕ್ಕೆ ತಿರುಗುತ್ತದೆ. ಕುಗ್ಗಿ ಕೂತಿರುವ ವ್ಯಕ್ತಿ ತಾನು ಹಿಂದೆ ಹಾರಾಡಿದ ದಿನಗಳನ್ನು ತಾನಾಗಿ ಹೇಳುವುದಿಲ್ಲ, ಅವನ್ನು ಕಾಯಿಲೆಯೆಂದು ಅವರು ಎಣಿಸಿಯೂ ಇರುವುದಿಲ್ಲ. ಪಠ್ಯದ ಪ್ರಕಾರ ಖಿನ್ನತೆಗೆ ಎರಡು ವಾರ, ಉನ್ಮಾದಕ್ಕೆ ಒಂದು ವಾರ, ಹೈಪೋಮೇನಿಯಕ್ಕೆ (ಉನ್ಮಾದದ ಹಗುರ ರೂಪ) ನಾಲ್ಕು ದಿನ. ಪಠ್ಯದ ಭಾಷೆಯಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಹೀಗೆ ಕೇಳಿ:

“ಹಿಂದ ಯಾವಾಗರ ನಾಕೈದು ದಿನ ನಿದ್ದಿನ ಇಲ್ದ, ಆದ್ರೂ ದಣಿವಾಗದಂಗ ಓಡಾಡಿರೇನ್ರಿ? ಆವಾಗ ಮಾತು ಭಾಳ ಆಗಿತ್ತೇನು? ಸಾಲ ಮಾಡಿ ರೊಕ್ಕ ಹಂಚಿದ್ದು, ಮಂದಿ ಜೋಡಿ ಸುಮ್‌ಸುಮ್ನ ಜಗಳ ತಗದಿದ್ದು ಐತೇನು?”

ಇದೇ ಪ್ರಶ್ನೆಯನ್ನು ಹೆಂಡತಿಗೋ ಅಣ್ಣನಿಗೋ ಬೇರೆಯಾಗಿ ಕೇಳಿ. ‘ನಿದ್ದಿ ಬರಂಗಿಲ್ಲ’ ಮತ್ತು ‘ನಿದ್ದಿ ಬ್ಯಾಡ ಅನಿಸ್ತೈತಿ’ ಎರಡರ ನಡುವಿನ ಅಂತರ ಹಿಡಿದರೆ ಅರ್ಧ ರೋಗನಿರ್ಣಯ ಆದಂತೆ.

ಖಿನ್ನತೆಯೂ ಇಲ್ಲಿ ‘ಬೇಜಾರು’ ಎಂಬ ಮಾತಿನಲ್ಲಿ ಬರುವುದು ಕಡಿಮೆ. ‘ಮೈಯಾಗ ಕಸುವಿಲ್ಲ’, ‘ಎದಿ ಉರೀತೈತಿ’, ‘ತಲಿ ಭಾರ’, ‘ಜೀವಕ್ಕ ಸಮಾಧಾನ ಇಲ್ಲ’ ಎಂದು ಬರುತ್ತದೆ. ಅಷ್ಟರಲ್ಲಿ ರೋಗಿ ಆರ್‌ಎಂಪಿ ಬಳಿ ಸಲೈನ್ ಹಾಕಿಸಿಕೊಂಡು, ನರದ ಡಾಕ್ಟರ ಬಳಿ ಸ್ಕ್ಯಾನ್ ಮಾಡಿಸಿ, ಹುಲಿಗೆಮ್ಮನಿಗೆ ಹರಕೆ ಹೊತ್ತು ಬಂದಿರುತ್ತಾರೆ. ಹರಕೆಯನ್ನು ಹೀಗಳೆಯಬೇಡಿ. ಗುಡಿಗೆ ಹೋಗುತ್ತಲೇ ಗುಳಿಗಿ ತಗೊಂಡರೆ ನಿಮಗೇನೂ ನಷ್ಟವಿಲ್ಲ, ಹೀಗಳೆದರೆ ರೋಗಿಯೇ ಕೈತಪ್ಪುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಬಳ್ಳಾರಿ, ರಾಯಚೂರಿನ ಹೊರರೋಗಿ ಸಾಲಿನಲ್ಲಿ ತೆಲುಗು, ಉರ್ದು, ಲಂಬಾಣಿ ಎಲ್ಲ ಇರುತ್ತವೆ. ನಿದ್ದೆ, ಹಸಿವು, ಅಳು, ಸಾಯುವ ಯೋಚನೆ, ಸಿಟ್ಟು, ಖರ್ಚು — ಈ ಆರು ವಿಷಯವನ್ನು ತೆಲುಗು ಮತ್ತು ಉರ್ದುವಿನಲ್ಲಿ ಕೇಳುವಷ್ಟಾದರೂ ಕಲಿಯಿರಿ. ಜೊತೆಗೆ ಬಂದ ಹತ್ತು ವರ್ಷದ ಮಗನನ್ನು ದುಭಾಷಿ ಮಾಡಿ ತಾಯಿಯ ಸಾಯುವ ಯೋಚನೆಯ ಬಗ್ಗೆ ಕೇಳಿಸುವುದು ಹಲವು ಕಡೆ ನಡೆಯುತ್ತದೆ. ನಡೆಯಬಾರದು.

ಜೀವನರೇಖೆ ಬರೆಯುವ ಬಗೆ

ಮೂರು ವರ್ಷದ ಪಿಜಿಯಲ್ಲಿ ಕನಿಷ್ಠ 50 ರೋಗಿಗಳ ಜೀವನರೇಖೆ ಬರೆಯಿರಿ. ಇದು ನಾವು ಹಾಕಿಕೊಡುವ ಲೆಕ್ಕ, ಯಾವ ಪಠ್ಯಕ್ರಮವೂ ಕೇಳುವುದಿಲ್ಲ. ಉದ್ದ ಹಾಳೆಯ ನಡುವೆ ಅಡ್ಡಗೆರೆ ಎಳೆದು ಅದರ ಮೇಲೆ ವರ್ಷಗಳನ್ನು ಗುರುತಿಸಿ. ಉನ್ಮಾದ ಬಂದದ್ದನ್ನು ಗೆರೆಯ ಮೇಲ್ಗಡೆ, ಖಿನ್ನತೆಯನ್ನು ಕೆಳಗಡೆ, ತೀವ್ರತೆಗೆ ತಕ್ಕ ಎತ್ತರದಲ್ಲಿ ಬರೆಯಿರಿ. ಔಷಧಿ ಶುರುವಾದದ್ದು, ಬಿಟ್ಟದ್ದು ಬೇರೆ ಬಣ್ಣದಲ್ಲಿ ಇರಲಿ.

ತಾರೀಖು ಕೇಳಿದರೆ ಯಾರೂ ಹೇಳಲಾರರು. ಆದ್ದರಿಂದ ಊರಿನ ನೆನಪಿಗೆ ಜೋತುಹಾಕಿ ಕೇಳಿ: 2009ರ ನೆರೆಗೆ ಮುಂಚೆಯೋ ಆಮೇಲೋ? ಲಾಕ್‌ಡೌನ್ ಹೊತ್ತಿಗೆ ಹೇಗಿದ್ದರು? ತುಂಗಭದ್ರಾ ಡ್ಯಾಂ ಗೇಟು ಕೊಚ್ಚಿಹೋದ ವರ್ಷ, ಅಂದರೆ 2024ರ ಆಗಸ್ಟಿನಲ್ಲಿ? ವರ್ಷದೊಳಗಿನ ತಿಂಗಳಿಗೆ ಗವಿಮಠದ ಜಾತ್ರೆ, ಕಾರಹುಣ್ಣಿಮೆ, ಮೊಹರಂ, ಕಾಲುವೆಗೆ ನೀರು ಬಿಟ್ಟದ್ದು, ಭತ್ತದ ಕಟಾವು. ಹೀಗೆ ಕೇಳಿದರೆ ಅರ್ಧ ಗಂಟೆಯಲ್ಲಿ ಇಪ್ಪತ್ತು ವರ್ಷದ ರೇಖೆ ಸಿದ್ಧವಾಗುತ್ತದೆ. ಅದನ್ನು ನೋಡಿದ ತಕ್ಷಣ ಕಾಣುವ ಸಂಗತಿಗಳಿವೆ. ಪ್ರತಿ ಸಲವೂ ಬೇಸಿಗೆಯಲ್ಲೇ ಏರುವುದು, ಹೆರಿಗೆಯಾದ ಕೂಡಲೇ ಬರುವುದು, ಮಾತ್ರೆ ಬಿಟ್ಟ ಎರಡು ತಿಂಗಳಿಗೆ ಮರಳುವುದು.

ನಿದ್ದೆಗೇಡು ಉನ್ಮಾದದ ಕಿಡಿ. ಮೊಹರಂನ ರಾತ್ರಿಗಳು, ಜಾತ್ರೆ, ಮದುವೆ ಮನೆ, ಕಟಾವಿನ ಕಾಲಕ್ಕೆ ರಾತ್ರಿಯಿಡೀ ಮೆಷಿನ್ ಓಡಿಸುವುದು — ಇವೆಲ್ಲ ರೇಖೆಯಲ್ಲಿ ಬಂದೇ ಬರುತ್ತವೆ. ‘ಹಬ್ಬಕ್ಕ ಹೋಗಬ್ಯಾಡ್ರಿ’ ಎಂದರೆ ಯಾರೂ ಕೇಳುವುದಿಲ್ಲ. ‘ಹನ್ನೊಂದಕ್ಕ ಮನಿಗಿ ಬಂದು ಮಲಗ್ರಿ, ರಾತ್ರಿ ಗುಳಿಗಿ ತಪ್ಪಿಸಬ್ಯಾಡ್ರಿ’ ಎಂದರೆ ಕೇಳುತ್ತಾರೆ.

ಲಿಥಿಯಂ: ಈ ನೆಲದಲ್ಲಿ ಬೇರೆಯದೇ ಪಾಠ

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಕೊಟ್ಟು ಫಲ ಕಂಡರು. ಇಂದಿಗೂ ಬೈಪೋಲಾರ್ ಮರುಕಳಿಸದಂತೆ ತಡೆಯುವುದರಲ್ಲಿ, ಆತ್ಮಹತ್ಯೆಯ ಅಪಾಯ ಇಳಿಸುವುದರಲ್ಲಿ ಇದಕ್ಕೆ ಸರಿಸಾಟಿ ಸಿಕ್ಕಿಲ್ಲ, ಬೆಲೆಯೂ ಅಗ್ಗ. ಆದರೂ ಅನೇಕ ವೈದ್ಯರು ಹೆದರಿ ಬರೆಯುವುದಿಲ್ಲ. ಮೂಡ್ ತಜ್ಞರಾಗಬೇಕೆಂದಿರುವವರು ಲಿಥಿಯಂ ಬಳಸಲು ಕಲಿಯದಿದ್ದರೆ ಆ ಹೆಸರನ್ನು ಬಳಸದಿರುವುದೇ ಒಳ್ಳೆಯದು.

ಶುರುಮಾಡುವ ಮುಂಚೆ ಮೂತ್ರಪಿಂಡ, ಥೈರಾಯ್ಡ್ ನೋಡುವ ಕ್ರಿಯಾಟಿನಿನ್, ಟಿಎಸ್‌ಎಚ್, ಕ್ಯಾಲ್ಸಿಯಂ, ತೂಕ, ವಯಸ್ಸಾದವರಿಗೆ ಇಸಿಜಿ, ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆ. ದಿನಕ್ಕೆ 600ರಿಂದ 900 ಮಿ.ಗ್ರಾಂ.ನಿಂದ ಆರಂಭಿಸಿ, ಐದರಿಂದ ಏಳು ದಿನಕ್ಕೆ ರಕ್ತದ ಮಟ್ಟ ನೋಡುವುದು ರೂಢಿ. ಪ್ರಮಾಣ ಬದಲಿಸಿದಾಗಲೆಲ್ಲ ಇದೇ ಕ್ರಮ. ದೀರ್ಘಕಾಲಕ್ಕೆ ಲೀಟರಿಗೆ 0.6ರಿಂದ 1.0 ಮಿಲಿ ಈಕ್ವಿವಲೆಂಟ್ ಸಾಕು, ಉನ್ಮಾದ ತೀವ್ರವಿದ್ದಾಗ 0.8ರಿಂದ 1.2. ಅದು 1.5 ದಾಟಿದರೆ ವಿಷ. ಎಷ್ಟೋ ದಿನದಿಂದ ತಗೊಳ್ಳುತ್ತಿರುವವರಲ್ಲಿ ಅದಕ್ಕಿಂತ ಕೆಳಗೇ ವಿಷಲಕ್ಷಣ ಕಾಣಿಸಿಕೊಳ್ಳಬಹುದು, ಹಾಗಾಗಿ ಅಂಕಿಗಿಂತ ರೋಗಿಯನ್ನು ನೋಡಿ. ಸ್ಥಿರವಾದ ಮೇಲೆ ಆರು ತಿಂಗಳಿಗೊಮ್ಮೆ ಮಟ್ಟ, ಕ್ರಿಯಾಟಿನಿನ್, ಟಿಎಸ್‌ಎಚ್, ಕ್ಯಾಲ್ಸಿಯಂ.

ರಕ್ತ ತೆಗೆಯುವುದರಲ್ಲೇ ಎರಡು ತಪ್ಪು ನಡೆಯುತ್ತವೆ. ಮೊದಲನೆಯದು ಹೊತ್ತು. ಕೊನೆಯ ಮಾತ್ರೆಯಿಂದ 12 ಗಂಟೆಗೆ ರಕ್ತ ತೆಗೆಯಬೇಕು. ಲಿಂಗಸುಗೂರಿನಿಂದ ಬೆಳಗಿನ ಬಸ್ಸಿಗೆ ಬರುವವರು ಮಾತ್ರೆ ನುಂಗಿಯೇ ಹತ್ತುತ್ತಾರೆ, ಮಟ್ಟ ಸುಳ್ಳೇ ಏರಿರುತ್ತದೆ. ‘ರಾತ್ರಿ ಒಂಬತ್ತಕ್ಕ ಗುಳಿಗಿ, ಮುಂಜಾನೆ ಒಂಬತ್ತಕ್ಕ ರಕ್ತ, ಮುಂಜಾನಿ ಗುಳಿಗಿ ಚೀಲದಾಗ ಇಟ್ಕೊಂಡ್ ಬರ್ರಿ, ರಕ್ತ ಕೊಟ್ಟ ಮ್ಯಾಲೆ ತಗೋರಿ’ ಎಂದು ಹೇಳಿ, ಚೀಟಿಯಲ್ಲೂ ಬರೆಯಿರಿ. ಎರಡನೆಯದು ಟ್ಯೂಬು. ಹಸಿರು ಮುಚ್ಚಳದ ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದೇ ರಕ್ತ ಹೆಪ್ಪುಗಟ್ಟದಂತೆ ಹಾಕುವ ಲಿಥಿಯಂ ಹೆಪಾರಿನ್. ಅದರಲ್ಲಿ ರಕ್ತ ಹಿಡಿದರೆ ಮಾತ್ರೆಯನ್ನೇ ಮುಟ್ಟದವರಿಗೂ ವಿಷಮಟ್ಟ ಬರಬಹುದು. ಕೆಂಪು ಮುಚ್ಚಳದ ಸಾದಾ ಟ್ಯೂಬು ಬಳಸಿ, ಸೀರಂ ಬೇರ್ಪಡಿಸಿದ ಮೇಲೆಯೇ ಹೊರ ಲ್ಯಾಬಿಗೆ ಕಳಿಸಲು ಹೇಳಿ. ರೋಗಿ ಆರಾಮಾಗಿ ಮಾತಾಡುತ್ತ ಕೂತಿದ್ದು ವರದಿ ಮಾತ್ರ 3 ತೋರಿಸಿದರೆ ಮೊದಲು ಕೇಳಬೇಕಾದದ್ದು ಟ್ಯೂಬಿನ ಬಣ್ಣ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಪಾರಾ 40 ದಾಟುವುದು ಮಾಮೂಲು. ಮೂತ್ರಪಿಂಡ ಲಿಥಿಯಂ ಮತ್ತು ಸೋಡಿಯಂ ನಡುವೆ ಹೆಚ್ಚು ಭೇದ ಮಾಡುವುದಿಲ್ಲ. ಬೆವರಿ ಉಪ್ಪು ನೀರು ಕಳೆದಾಗ ಮೂತ್ರಪಿಂಡ ಸೋಡಿಯಂ ಹಿಡಿದಿಡುತ್ತದೆ, ಜೊತೆಗೆ ಲಿಥಿಯಮ್ಮನ್ನೂ ಹಿಡಿದಿಡುತ್ತದೆ, ಮಟ್ಟ ಏರುತ್ತದೆ. ಹೊಲದ ಕೆಲಸ, ಗಣಿ ಕೆಲಸ, ವಾಂತಿಭೇದಿ, ರಂಜಾನ್ ಉಪವಾಸ ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಮಾರ್ಚ್ ಕೊನೆಗೇ ಪ್ರತಿ ಲಿಥಿಯಂ ರೋಗಿಯ ಮಟ್ಟ ಒಮ್ಮೆ ನೋಡಿ. ಮಜ್ಜಿಗೆ, ಅಂಬಲಿ, ಉಪ್ಪು ಎಂದಿನಂತಿರಲಿ ಎಂದು ಹೇಳಿ. ಬಿಪಿ ಇದೆಯೆಂದು ಯಾರೋ ‘ಉಪ್ಪು ಬಿಡ್ರಿ’ ಎಂದರೆ ಅದೂ ಮಟ್ಟ ಏರಿಸುತ್ತದೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಎನಲಾಪ್ರಿಲ್, ಹೈಡ್ರೋಕ್ಲೋರೋಥಯಾಜೈಡ್ ಕೂಡ ಏರಿಸುತ್ತವೆ. ಆದ್ದರಿಂದ ಬಿಪಿ ನೋಡುವ ವೈದ್ಯರಿಗೆ ಒಂದು ಸಾಲಿನ ಪತ್ರ ಬರೆಯುವುದು ಚಿಕಿತ್ಸೆಯ ಭಾಗ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೈಕೈ ನೋವಿನ ಗುಳಿಗಿ. ದಿನವಿಡೀ ನಾಟಿ ಮಾಡಿ ಬಂದವರಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವುದು ಡೈಕ್ಲೋಫೆನಾಕ್, ಐಬುಪ್ರೊಫೆನ್. ಎರಡೂ ಲಿಥಿಯಂ ಏರಿಸುತ್ತವೆ. ಪ್ಯಾರಾಸಿಟಮಾಲ್ ನಡೆಯುತ್ತದೆ. ರೋಗಿಯ ಪುಸ್ತಕದ ರಟ್ಟಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿಡಿ, ಅಂಗಡಿಯವನಿಗೆ ಅದನ್ನೇ ತೋರಿಸಲಿ.

ಮನೆಯವರಿಗೆ ವಿಷಲಕ್ಷಣ ಕಲಿಸುವಾಗ ನಾಲ್ಕೇ ಹೇಳಿ: ಚಾ ಕಪ್ಪು ಹಿಡಿಯಲಾರದಷ್ಟು ಕೈ ನಡುಕ, ವಾಂತಿಭೇದಿ, ತೂರಾಡುವ ನಡಿಗೆ, ತೊದಲು ಮಾತು. ಸಣ್ಣ ನಡುಕ ಮಾಮೂಲು ಅಡ್ಡಪರಿಣಾಮ, ದೊಡ್ಡ ನಡುಕ ಹಾಗಲ್ಲ. ತೂರಾಡುವುದನ್ನು ಕಂಡು ‘ಕುಡದಾನ’ ಎಂದು ಮಲಗಿಸಿಬಿಡುವುದು ಇಲ್ಲಿನ ಅಪಾಯ. ತಡವಾದರೆ ನಡಿಗೆ, ಮಾತು ಶಾಶ್ವತವಾಗಿ ಕೆಡಬಹುದು. ಲಕ್ಷಣ ಕಂಡರೆ ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ, ಬೇಕಾದರೆ 108ಕ್ಕೆ.

ಬೇರೆ ಔಷಧಿಗಳು, ಬಾಣಂತಿಯರು

ಭಾವಸ್ಥಿತಿ ಹಿಡಿದಿಡುವ ಇನ್ನೊಂದು ಔಷಧಿ ವಾಲ್ಪ್ರೊಯೇಟ್. ಬರೆಯುವುದು ಸುಲಭ, ಅದಕ್ಕೇ ಅತಿಯಾಗಿ ಬರೆಯುತ್ತಾರೆ. ಗರ್ಭದಲ್ಲಿರುವಾಗ ತಗೊಂಡರೆ ಹತ್ತರಲ್ಲೊಂದು ಮಗುವಿಗೆ ದೊಡ್ಡ ಅಂಗದೋಷ, ಇನ್ನಷ್ಟು ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ. ಫೋಲಿಕ್ ಆಸಿಡ್ ಕೊಟ್ಟರೆ ಈ ಅಪಾಯ ಹೋಗುವುದಿಲ್ಲ. ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದು ಕೊನೆಯ ಆಯ್ಕೆ. ‘ಇನ್ನೂ ಲಗ್ನ ಆಗಿಲ್ಲ’ ಎಂಬುದು ಕಾರಣವಾಗದು. ಮುಂದಿನ ಭೇಟಿಗೆ ಬರುವಾಗ ಲಗ್ನವಾಗಿ ನಾಲ್ಕು ತಿಂಗಳಾಗಿರುತ್ತದೆ.

ಅದೇ ಸಾಲಿನ ಲ್ಯಾಮೊಟ್ರಿಜಿನ್ ಅನ್ನು ಆತುರದಲ್ಲಿ ಏರಿಸಬಾರದು. ಎರಡು ವಾರ 25 ಮಿ.ಗ್ರಾಂ., ಎರಡು ವಾರ 50, ಆಮೇಲೆ 100, ಅಲ್ಲಿಂದ 200. ಜೊತೆಗೆ ವಾಲ್ಪ್ರೊಯೇಟ್ ಇದ್ದರೆ ಎಲ್ಲವೂ ಅರ್ಧ. ಬೇಗ ಏರಿಸಿದರೆ ಚರ್ಮ ಸುಲಿಯುವ ಮಾರಕ ಅಲರ್ಜಿ ಬರಬಹುದು. ಐದು ದಿನಕ್ಕಿಂತ ಹೆಚ್ಚು ತಪ್ಪಿಸಿ ಬಂದವರಿಗೆ ಮತ್ತೆ ಮೊದಲ ಪ್ರಮಾಣದಿಂದಲೇ ಶುರು. ಓಲಾಂಜಪಿನ್, ಕ್ವೆಟಿಯಪಿನ್ ಕೊಟ್ಟರೆ ತೂಕ, ಸೊಂಟದ ಸುತ್ತಳತೆ, ಸಕ್ಕರೆ ಬರೆದಿಡಿ.

ಹೆರಿಗೆಯ ನಂತರದ ಮೊದಲ ವಾರಗಳು ಬೈಪೋಲಾರ್ ಇರುವವರಿಗೆ ಅತ್ಯಂತ ಅಪಾಯದ ಕಾಲ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ. ಅಂದರೆ ನಿಮ್ಮ ರೋಗಿ ಏಳನೇ ತಿಂಗಳಿಗೆ ಬೇರೆ ಜಿಲ್ಲೆಗೆ ಹೋಗುತ್ತಾರೆ, ಅಲ್ಲಿನ ವೈದ್ಯರಿಗೆ ಏನೂ ಗೊತ್ತಿರುವುದಿಲ್ಲ. ಆರನೇ ತಿಂಗಳಲ್ಲೇ ಒಂದು ಪುಟದ ಪತ್ರ ಬರೆದು ಕೊಡಿ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಲಿಥಿಯಂ ಮೇಲಿರುವವರಿಗೆ ಅದು ನೇರ ಅಪಾಯ, ಅದಕ್ಕೆ ಈ ಮಾತನ್ನು ಗಂಡನಿಗಿಂತ ತಾಯಿಗೆ ಹೇಳಿ. ಈ ವಿಷಯದಲ್ಲಿ ಆಸಕ್ತಿ ಬಲಿತರೆ ಎಂ.ಡಿ ಆದ ಮೇಲೆ ನಿಮ್ಹಾನ್ಸ್‌ನಲ್ಲಿ ಮಹಿಳಾ ಮಾನಸಿಕ ಆರೋಗ್ಯದ ಫೆಲೋಶಿಪ್ ಇದೆ, ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸುವ ವಾರ್ಡೂ ಇದೆ.

ಇಸಿಟಿಯನ್ನು ಜನ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಸಾಯುವ ಯೋಚನೆ ಬಲವಾಗಿರುವ, ಅನ್ನ ನೀರು ಬಿಟ್ಟಿರುವ ಖಿನ್ನತೆಗೆ ಅತ್ಯಂತ ಪರಿಣಾಮಕಾರಿ ಚಿಕಿತ್ಸೆಗಳಲ್ಲಿ ಇದೊಂದು, ಫಲವೂ ಬೇಗ. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರರಂತೆ 6ರಿಂದ 12. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಸಣ್ಣ ಊರಿನಲ್ಲಿ ಯಂತ್ರ ಸಿಗುತ್ತದೆ, ಬೆಳಗ್ಗೆ ಏಳಕ್ಕೆ ಬರುವ ಅರಿವಳಿಕೆ ವೈದ್ಯರು ಸಿಗುವುದೇ ಕಷ್ಟ. ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ.

ಸಾಯುವ ಮಾತು, ಹೊಲದ ಎಣ್ಣೆ

ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಬೇಕು. ಕೇಳಿದರೆ ತಲೆಗೆ ಹೊಳೆಯುತ್ತದೆ ಎಂಬುದು ಸುಳ್ಳು. ಹೆಚ್ಚಿನವರಿಗೆ ಹೇಳಿಕೊಂಡು ಹಗುರವಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತ, ರಾಯಚೂರಿನ ಹತ್ತಿ ಸೀಮೆಯಲ್ಲಿ ಕೀಟನಾಶಕ ಪ್ರತಿ ಮನೆಯಲ್ಲೂ ಇರುತ್ತದೆ. ಆ ಡಬ್ಬಿಯನ್ನು ಮನೆಯಿಂದ ಹೊರಗೆ, ಬೀಗದೊಳಗೆ, ಬೀಗದ ಕೈ ಇನ್ನೊಬ್ಬರ ಬಳಿ ಇಡುವ ಏರ್ಪಾಡನ್ನು ಆ ದಿನವೇ ಜೊತೆಗೆ ಬಂದವರ ಬಾಯಿಂದ ಒಪ್ಪಿಸಿ ಕಳಿಸಿ. ಮಾತ್ರೆಯನ್ನು ಎರಡು ವಾರಕ್ಕಿಂತ ಹೆಚ್ಚು ಒಟ್ಟಿಗೆ ಕೊಡಬೇಡಿ, ಮನೆಯವರು ಹಿಡಿದಿಟ್ಟುಕೊಳ್ಳಲಿ. ಚೇತರಿಕೆ ಶುರುವಾದ ವಾರಗಳಲ್ಲಿ ಎಚ್ಚರ ಇಳಿಸಬಾರದು. ಟೆಲಿ ಮಾನಸ್ 14416 ಹಗಲು ರಾತ್ರಿ ಕನ್ನಡದಲ್ಲೂ ಸಿಗುವ ಉಚಿತ ಸಹಾಯವಾಣಿ, ಚೀಟಿಯ ಮೇಲೆ ಮುದ್ರೆ ಹಾಕಿಸಿಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಭಾವಿಸುತ್ತದೆ, ಶಿಕ್ಷಿಸುವಂತಿಲ್ಲ. ಪೊಲೀಸ್ ಕೇಸಿನ ಭಯಕ್ಕೆ ರೋಗಿಯನ್ನು ಮುಚ್ಚಿಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಿ.

ಗುಳೆ ಹೋಗುವವರ ಚಿಕಿತ್ಸೆ

ಬಿತ್ತನೆ ಮುಗಿದ ಮೇಲೆ ಅಥವಾ ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಬೆಂಗಳೂರಿಗೆ, ಹೈದರಾಬಾದಿಗೆ, ಗೋವಾಕ್ಕೆ ಗುಳೆ ಹೋಗುತ್ತವೆ. ಮಾತ್ರೆ ನಿಲ್ಲುವುದು ಆಗಲೇ. ಲಿಥಿಯಂ ಥಟ್ಟನೆ ನಿಂತರೆ ಉನ್ಮಾದ ಮರಳಿ ಬರುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಿದ್ದರೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳವರೆಗೆ ಎಳೆದು ಇಳಿಸಬೇಕು. ಹಾಗಾಗಿ ‘ಈ ಸಲ ಯಾವಾಗ ಹೊಂಟೀರಿ?’ ಎಂಬುದನ್ನು ಪ್ರತಿ ಭೇಟಿಯಲ್ಲೂ ಕೇಳಿ. ಹೊರಡುವ ಹದಿನೈದು ದಿನ ಮುಂಚೆ ರಕ್ತದ ಮಟ್ಟ ನೋಡಿ, ಸ್ಥಿರವಿದ್ದು ಸಾಯುವ ಯೋಚನೆ ಇಲ್ಲದಿದ್ದರೆ ಹೆಚ್ಚಿನ ದಿನದ ಮಾತ್ರೆ ಕೊಡಿ, ಹೋಗುವ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯ ಹೆಸರು ಪುಸ್ತಕದಲ್ಲಿ ಬರೆಯಿರಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವಿಡಿಯೊ ಕರೆಯಲ್ಲಿ ಮುಂದಿನ ಭೇಟಿ ನಡೆಸಬಹುದು. ಫೋನ್ ಗುತ್ತಿಗೆದಾರನ ಕೈಯಲ್ಲಿದ್ದರೆ ಮಾತ್ರ ಮಾತಾಡಬೇಡಿ, ರೋಗಿಯ ಗುಟ್ಟು ಕ್ಯಾಂಪಿಗೆಲ್ಲ ಹಬ್ಬುತ್ತದೆ.

ಕೆಲಸ ಎಲ್ಲಿ

ಪಿಯುಸಿ ಮುಗಿದು ಎಂ.ಡಿ ಕೈಗೆ ಬರಲು ಎಂಟೂವರೆ ವರ್ಷ, ಪರೀಕ್ಷೆಗಳಿಗೆ ಕಾದ ವರ್ಷ ಬೇರೆ. ವೈದ್ಯಕೀಯ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಡಿ ನಂತರ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರ ಹುದ್ದೆಗೆ ಎಂ.ಡಿ ಸಾಕು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವುದೂ ಈ ಕೆಲಸದ ಭಾಗ. ಮೂಡ್ ಕಾಯಿಲೆ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲವೆಂದು ನಮ್ಮ ಎಣಿಕೆ, ಸಂಬಳ ಖಾಸಗಿಗಿಂತ ಕಡಿಮೆಯಾದರೂ.

ಸ್ವಂತ ಕ್ಲಿನಿಕ್‌ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ (ಕೆಎಂಸಿ) ನೋಂದಣಿ, ಜಿಲ್ಲಾ ಮಟ್ಟದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ, ವೈದ್ಯಕೀಯ ತ್ಯಾಜ್ಯದ ಒಪ್ಪಂದ ಬೇಕು. ಮಾನಸಿಕ ರೋಗಿಗಳನ್ನು ದಾಖಲಿಸಿಕೊಳ್ಳುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿಯೂ ಬೇಕು. ಇದನ್ನು ಬಿಟ್ಟು ಎರಡು ಹಾಸಿಗೆ ಹಾಕಿಕೊಂಡರೆ ಕಾಯ್ದೆ ಮುರಿದಂತೆ. ಗಂಟೆಗೆ ಇಪ್ಪತ್ತು ರೋಗಿ ನೋಡಿದರೆ ಹಣ ಬರುತ್ತದೆ, ಜೀವನರೇಖೆ ಬರೆಯಲು ಬಿಡುವು ಬರುವುದಿಲ್ಲ. ಹೊಸ ರೋಗಿಗೆ 40 ನಿಮಿಷ, ಹಳಬರಿಗೆ 10 ಎಂದು ಮೊದಲ ದಿನವೇ ಪದ್ಧತಿ ಹಾಕಿ. ಆಮೇಲೆ ಹಾಕುತ್ತೇನೆಂದರೆ ಆಗುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿದ್ದರೆ ಹೊರರೋಗಿ ಚೀಟಿಯನ್ನು ನಂಬಬೇಡಿ, ಮಳೆಗೆ ಕರಗುತ್ತದೆ, ಬಿಸಿಲಿಗೆ ಮಾಸುತ್ತದೆ. ನಲವತ್ತು ಪುಟದ ನೋಟ್‌ಪುಸ್ತಕ ತರಿಸಿ. ಮೊದಲ ಪುಟದಲ್ಲಿ ರೋಗನಿರ್ಣಯ, ಯಾವ ಔಷಧಿ ಫಲಿಸಿತು, ಯಾವುದು ಆಗಿಬರಲಿಲ್ಲ, ಕೊನೆಯ ಲಿಥಿಯಂ ಮಟ್ಟ ಮತ್ತು ತಾರೀಖು. ಎರಡನೆಯ ಪುಟದಲ್ಲಿ ಜೀವನರೇಖೆ. ಮೂರನೆಯದರಲ್ಲಿ ಏರುವ ಮುನ್ಸೂಚನೆಗಳು, ಮನೆಯವರ ಮಾತಿನಲ್ಲೇ: ‘ಬೆಳಗಿನ ಮೂರಕ್ಕ ಎದ್ದು ದನದ ಕೊಟ್ಟಗಿ ತೊಳೀತಾನ’, ‘ಬೀಗರಿಗೆಲ್ಲ ಫೋನ್ ಹಚ್ಚತಾಳ’. ವರ್ಗಾವಣೆ ಆದೇಶ ಬಂದಾಗ ನಿಮ್ಮ ಜಾಗಕ್ಕೆ ಬರುವವರಿಗೆ ಲಿಥಿಯಂ ರೋಗಿಗಳ ಪಟ್ಟಿಯನ್ನು, ಮುಂದಿನ ರಕ್ತ ಪರೀಕ್ಷೆಯ ತಾರೀಖಿನೊಂದಿಗೆ, ಕೈಯಲ್ಲಿ ಕೊಟ್ಟು ಹೊರಡಿ. ಜಾಗ ಖಾಲಿ ಉಳಿಯುವುದಾದರೆ ಆ ಪಟ್ಟಿ ಆಸ್ಪತ್ರೆಯ ಫಾರ್ಮಸಿಸ್ಟ್ ಬಳಿ ಇರಲಿ.